ಹತ್ತು ದಿನ ಮೌನವಾಗಿದ್ದರೆ ಬಿಪಿ, ಶುಗರ್ ಮಾಯವಾಗುತ್ತಾ? ವಿಪಶ್ಯನ ಶಿಬಿರಕ್ಕೆ ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು

"ಹತ್ತು ದಿನ ಮೌನವಾಗಿ ಕೂತರೆ ಸಾಕು. ಬಿಪಿ, ಶುಗರ್, ಮೈಗ್ರೇನ್, ಡಿಪ್ರೆಶನ್ ಎಲ್ಲಾ ಮಾಯ! ಮಾತ್ರೆ ಬಿಸಾಡಿ. ಊಟ, ವಸತಿ ಉಚಿತ. ಹತ್ತು ಜನಕ್ಕೆ ಕಳಿಸಿ."

ಇಂಥದೊಂದು ಸಂದೇಶ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂತು. ಅದರ ಕೆಳಗೆ ದೊಡ್ಡಮ್ಮ ಬರೆದಿದ್ದರು: "ನಾನೂ ಹೋಗ್ಲಾ? ಮಾತ್ರೆ ನುಂಗಿ ನುಂಗಿ ಸಾಕಾಗಿದೆ." ಅವರಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಈ ಸಂದೇಶದಲ್ಲಿ ನಿಜವೂ ಇದೆ, ಅಪಾಯಕಾರಿ ಸುಳ್ಳೂ ಇದೆ. ಎರಡನ್ನೂ ಬೇರೆ ಮಾಡಿ ನೋಡೋಣ.

ಏನಿದು ಶಿಬಿರ?

ಸಂದೇಶದಲ್ಲಿ ಹೇಳಿರುವುದು ಎಸ್.ಎನ್. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರದ ಬಗ್ಗೆ. ಗೋಯೆಂಕಾ ಹುಟ್ಟಿದ್ದು 1924ರಲ್ಲಿ, ಬರ್ಮಾದ ಮಂಡಾಲೆಯಲ್ಲಿ. ಅವರು ವ್ಯಾಪಾರಿ ಮನೆತನದವರು. ಅವರಿಗೆ ಧ್ಯಾನ ಕಲಿಸಿದ ಊ ಬಾ ಖಿನ್ ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಲೆಕ್ಕಪತ್ರ ಇಲಾಖೆಯ ದೊಡ್ಡ ಅಧಿಕಾರಿ. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರಗಳನ್ನು ಶುರುಮಾಡಿದರು. ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಬೆಟ್ಟಗಳ ನಡುವೆ 'ಧಮ್ಮ ಗಿರಿ' ಕೇಂದ್ರ 1976ರಲ್ಲಿ ಆರಂಭವಾಯಿತು. ಬೆಂಗಳೂರಿನ ಹೊರವಲಯದ ಆಲೂರಿನಲ್ಲೂ 'ಧಮ್ಮ ಪಫುಲ್ಲ' ಎಂಬ ಕೇಂದ್ರವಿದೆ. ಗೋಯೆಂಕಾ 2013ರಲ್ಲಿ ತೀರಿಕೊಂಡರು. ಇಂದಿಗೂ ಶಿಬಿರಗಳಲ್ಲಿ ಅವರ ಧ್ವನಿಮುದ್ರಿತ ಸೂಚನೆಗಳನ್ನೇ ಕೇಳಿಸುತ್ತಾರೆ.

ದಿನಚರಿ ಹೇಗಿರುತ್ತದೆ?

ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತದೆ. 4.30ರಿಂದ ಧ್ಯಾನ. 6.30ಕ್ಕೆ ತಿಂಡಿ, 11ಕ್ಕೆ ಊಟ, ಸಂಜೆ 5ಕ್ಕೆ ಹಣ್ಣು ಮತ್ತು ಚಹಾ. ಮೊದಲೇ ಶಿಬಿರ ಮಾಡಿದವರಿಗೆ ಮಧ್ಯಾಹ್ನದ ಮೇಲೆ ಆಹಾರವಿಲ್ಲ. ರಾತ್ರಿ ಊಟ ಯಾರಿಗೂ ಇಲ್ಲ. ಸಂಜೆ ಪ್ರವಚನ, 9.30ಕ್ಕೆ ದೀಪ ಆರಿಸುತ್ತಾರೆ. ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಕಾಲ ಕೂತಿರಬೇಕು. ಫೋನ್, ಪುಸ್ತಕ, ಪೆನ್ನು ಬಳಸುವಂತಿಲ್ಲ.

ಮೊದಲ ಮೂರು ದಿನ ಮೂಗಿನ ಬಳಿ ಉಸಿರು ಬಂದುಹೋಗುವುದನ್ನು ಗಮನಿಸಬೇಕು. ಇದು ಆನಾಪಾನ. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏಳುವ ಉರಿ, ನೋವು, ಜುಮ್ಮೆನ್ನುವಿಕೆ ಎಲ್ಲವನ್ನೂ ಗಮನಿಸಬೇಕು, ಆದರೆ ಪ್ರತಿಕ್ರಿಯಿಸಬಾರದು. ಇದು ವಿಪಶ್ಯನ. ಹತ್ತನೇ ದಿನ ಮೌನ ಮುರಿಯುತ್ತಾರೆ, ಹನ್ನೊಂದನೇ ದಿನ ಬೆಳಿಗ್ಗೆ ಮನೆಗೆ ಕಳಿಸುತ್ತಾರೆ. ಬಂದು ಸೇರುವ ದಿನವೂ ಸೇರಿದರೆ ಒಟ್ಟು ಹನ್ನೆರಡು ದಿನ ಬಿಡುವು ಮಾಡಿಕೊಳ್ಳಬೇಕು.

ಸಂದೇಶ: ಪೂರ್ತಿ ಉಚಿತ

ನಿಜ. ಊಟ, ವಸತಿ, ಬೋಧನೆ ಯಾವುದಕ್ಕೂ ಶುಲ್ಕವಿಲ್ಲ. ಕಲಿಸುವವರಿಗೆ ಸಂಬಳವೂ ಇಲ್ಲ. ಒಂದು ಶಿಬಿರವನ್ನಾದರೂ ಮುಗಿಸಿದವರಿಂದ ಮಾತ್ರ ದೇಣಿಗೆ ಪಡೆಯುತ್ತಾರೆ. ಆದ್ದರಿಂದ "ಸೀಟು ಕೊಡಿಸುತ್ತೇವೆ, ಮುಂಗಡ ಕಳಿಸಿ" ಎಂದು ಯಾರಾದರೂ ಕೇಳಿದರೆ ಅದು ಮೋಸ.

ಸಂದೇಶ: ಇದು ಮತಾಂತರ / ಇದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ

ಎರಡು ಬಗೆಯ ಸಂದೇಶಗಳೂ ಓಡಾಡುತ್ತವೆ. ಎರಡೂ ಪೂರ್ತಿ ಸರಿಯಲ್ಲ. ಯಾರನ್ನೂ ಮತಾಂತರ ಮಾಡುವುದಿಲ್ಲ, ಎಲ್ಲ ಧರ್ಮದವರೂ ಬರುತ್ತಾರೆ. ಬುದ್ಧ ಕಲಿಸಿದ್ದು ಧಮ್ಮವನ್ನು, ಪಂಥವನ್ನಲ್ಲ ಎನ್ನುವುದು ಗೋಯೆಂಕಾ ಅವರ ನಿಲುವು. ಆದರೆ ಶಿಬಿರದ ಆರಂಭದಲ್ಲಿ ಪಾಲಿ ಭಾಷೆಯಲ್ಲಿ ತ್ರಿರತ್ನಗಳಿಗೆ ಶರಣು ಹೇಳಿಸುತ್ತಾರೆ, ಪಂಚಶೀಲ ತೆಗೆದುಕೊಳ್ಳಬೇಕು. ಆ ಹತ್ತು ದಿನ ನಿಮ್ಮ ಪೂಜೆ, ಜಪ, ಉಪವಾಸ ನಿಲ್ಲಿಸಬೇಕು. ಇದು ಮೊದಲೇ ಗೊತ್ತಿದ್ದರೆ ಅಲ್ಲಿ ಹೋಗಿ ಗೊಂದಲವಾಗುವುದಿಲ್ಲ.

ಸಂದೇಶ: ಮಾತ್ರೆ ಬಿಸಾಡಿ

ಇದು ಅಪಾಯಕಾರಿ ಸುಳ್ಳು. ಶಿಬಿರ ನಡೆಸುವವರೇ ಇದನ್ನು ಹೇಳುವುದಿಲ್ಲ. ವಿಪಶ್ಯನ ವೈದ್ಯಕೀಯ ಅಥವಾ ಮನೋವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ ಎಂದು ಅವರ ನಿಯಮಗಳಲ್ಲೇ ಇದೆ. ಅರ್ಜಿಯಲ್ಲಿ ಕಾಯಿಲೆ, ಮಾತ್ರೆಗಳ ವಿವರ ಕೇಳುತ್ತಾರೆ.

ಗೋಯೆಂಕಾ ಅವರ ಬದುಕಿನಲ್ಲೇ ಇದಕ್ಕೆ ಒಂದು ಪ್ರಸಂಗವಿದೆ. ಅವರಿಗೆ ತೀವ್ರ ಮೈಗ್ರೇನ್ ಇತ್ತು, ಮಾರ್ಫಿನ್ ಚುಚ್ಚಿಸಿಕೊಳ್ಳುವಷ್ಟು. ತಲೆನೋವು ಹೋಗಲಿ ಎಂದು ಊ ಬಾ ಖಿನ್ ಬಳಿ ಹೋದಾಗ ಆ ಗುರು ಒಪ್ಪಲಿಲ್ಲ. ಇದು ಮನಸ್ಸನ್ನು ಶುದ್ಧಿ ಮಾಡಿಕೊಳ್ಳುವ ದಾರಿ, ತಲೆನೋವಿನ ಔಷಧಿಯಾಗಿ ಬಳಸಿದರೆ ಅದರ ಬೆಲೆ ಕಳೆದಂತೆ ಎಂದರು. 1955ರಲ್ಲಿ ಗೋಯೆಂಕಾ ಮೊದಲ ಶಿಬಿರ ಮಾಡಿದರು. ಮುಂದೆ ತಲೆನೋವೂ ಹೋಯಿತು ಎಂದು ಹೇಳುತ್ತಿದ್ದರು. ಆದರೆ ಅದು ಒಬ್ಬರ ಅನುಭವ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆ ಎನ್ನಲು ಪುರಾವೆಯಲ್ಲ.

ಸಂಶೋಧನೆ ಏನು ಹೇಳುತ್ತದೆ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಧ್ಯಾನದ ಕುರಿತ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಆತಂಕ, ಖಿನ್ನತೆ, ನೋವು ಸ್ವಲ್ಪ ಮಟ್ಟಿಗೆ ತಗ್ಗುವುದು ಕಂಡಿತು. ಆದರೆ ಔಷಧಿ, ವ್ಯಾಯಾಮದಂಥ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ.

ಶುಗರ್ ಇರುವವರು ಗಮನಿಸಿ

ಸಂಜೆ 5ರ ಹಣ್ಣಿನ ನಂತರ ಮುಂದಿನ ಆಹಾರ ಮರುದಿನ ಬೆಳಿಗ್ಗೆ 6.30ಕ್ಕೆ. ಅಂದರೆ ಹದಿಮೂರೂವರೆ ಗಂಟೆ ಅಂತರ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಂತರದಲ್ಲಿ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಅದರ ಲಕ್ಷಣ. ಇವನ್ನು "ಧ್ಯಾನದ ಅನುಭವ" ಎಂದುಕೊಂಡು ಸುಮ್ಮನೆ ಕೂರಬಾರದು. ಅರ್ಜಿ ಹಾಕುವ ಮೊದಲೇ ದಿನಚರಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಮಾತ್ರೆಯ ಪ್ರಮಾಣ, ಸಮಯ ಬದಲಿಸಬೇಕೇ ಎಂದು ಅವರು ಹೇಳಲಿ. ರಾತ್ರಿ ಏನಾದರೂ ತಿನ್ನಲೇಬೇಕಿದ್ದರೆ ಕೇಂದ್ರಕ್ಕೆ ಮುಂಚೆಯೇ ತಿಳಿಸಿ ಕೇಳಿ.

ಮಂಡಿನೋವು ಇರುವವರು ಹೆದರಬೇಕಿಲ್ಲ. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ ಕೊಡುತ್ತಾರೆ.

ಯಾರು ಹೋಗಬಾರದು?

ಧ್ಯಾನದಿಂದ ತೊಂದರೆಯೇ ಆಗುವುದಿಲ್ಲ ಎನ್ನುವುದೂ ಸುಳ್ಳು. 2020ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಬೇರೆ ಬೇರೆ ಬಗೆಯ ಧ್ಯಾನಗಳ ಕುರಿತ 83 ಅಧ್ಯಯನಗಳನ್ನು ನೋಡಿತು. ಅದರ ಪ್ರಕಾರ ನೂರಕ್ಕೆ ಸುಮಾರು 8 ಜನರಿಗೆ ಅಡ್ಡ ಪರಿಣಾಮ ಆಗಿದೆ. ಹೆಚ್ಚಾಗಿ ಕಂಡದ್ದು ಆತಂಕ ಮತ್ತು ಖಿನ್ನತೆ.

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಈ ಶಿಬಿರ ಬೇಡವೆಂದು ಕೇಂದ್ರಗಳೇ ಹೇಳುತ್ತವೆ. ಬೈಪೋಲಾರ್ ಇರುವವರಿಗೆ ನಿದ್ದೆ ಕಡಿಮೆಯಾದರೇ ಕಾಯಿಲೆ ಕೆರಳಬಹುದು. ಸೀಟು ಸಿಗಲಿ ಎಂದು ಅರ್ಜಿಯಲ್ಲಿ ಇದನ್ನು ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಮೌನ ಎಂದರೆ ಬಾಯಿಗೆ ಬೀಗವೇ?

ಅಲ್ಲ. ಮೌನ ಇರುವುದು ಜೊತೆಗಿರುವ ಶಿಬಿರಾರ್ಥಿಗಳ ನಡುವೆ. ಸಹಾಯಕ ಆಚಾರ್ಯರ ಜೊತೆ, ವ್ಯವಸ್ಥಾಪಕರ ಜೊತೆ ಮಾತಾಡಬಹುದು. ಎದೆನೋವು, ನಿದ್ದೆಯೇ ಬಾರದಿರುವುದು, ತಡೆಯಲಾರದ ಭಯ, ಇಲ್ಲದ ಧ್ವನಿ ಕೇಳಿಸುವುದು, ಸಾಯಬೇಕು ಎನ್ನಿಸುವುದು, ಇವುಗಳಲ್ಲಿ ಯಾವುದಾದರೂ ಆದರೆ ತಕ್ಷಣ ಹೇಳಿ. ಪೂರ್ತಿ ಹತ್ತು ದಿನ ಇರುತ್ತೇನೆ ಎಂದು ಒಪ್ಪಿಯೇ ಸೇರಿರುತ್ತೀರಿ, ನಿಜ. ಆದರೆ ಜೀವಕ್ಕೆ ಕುತ್ತು ಬಂದಾಗ ಆ ಮಾತಿಗೆ ಕಟ್ಟುಬೀಳಬೇಕಿಲ್ಲ, ಹೊರಟುಬರಬಹುದು. ಮನೆಗೆ ಬಂದ ಮೇಲೂ ಮನಸ್ಸು ಹತೋಟಿಗೆ ಬಾರದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು.

ಹೋಗುವ ಮುನ್ನ

• ಅರ್ಜಿಯಲ್ಲಿ ಕಾಯಿಲೆ, ಮಾತ್ರೆ ಎಲ್ಲವನ್ನೂ ಇದ್ದ ಹಾಗೆ ಬರೆಯಿರಿ.
• ಹನ್ನೆರಡು ದಿನಕ್ಕಾಗುವಷ್ಟು ಮಾತ್ರೆ ಜೊತೆಗಿರಲಿ. ಒಂದು ಹೊತ್ತೂ ತಪ್ಪಿಸಬೇಡಿ.
• ಕೇಂದ್ರದ ಕಚೇರಿ ನಂಬರ್ ಮನೆಯವರಿಗೆ ಕೊಟ್ಟು ಹೋಗಿ.

ದೊಡ್ಡಮ್ಮನಿಗೂ ಇದನ್ನೇ ಹೇಳಿದೆ. ಅವರು ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡಿದ್ದಾರೆ. ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗುವಾಗ ತೋರಿಸುತ್ತಾರಂತೆ. ಅವರು ಬೇಡ ಎಂದರೆ ಬೇಡ, ಸರಿ ಎಂದರೆ ಮಾತ್ರೆ ಡಬ್ಬಿಯೊಂದಿಗೇ ಹೊರಡುತ್ತಾರೆ. ನಿಮ್ಮ ಗ್ರೂಪಿಗೂ "ಮಾತ್ರೆ ಬಿಸಾಡಿ" ಎಂಬ ಸಂದೇಶ ಬಂದಿದ್ದರೆ, ಅದರ ಕೆಳಗೆ ಇದನ್ನೂ ಕಳಿಸಿ.