ಹತ್ತು ವರ್ಷದ ಹೊಣೆ

ಫ್ರಾನ್ಸಿನಲ್ಲಿ ಮನೆ ಕಟ್ಟಿದವನು ಕೆಲಸ ಮುಗಿಸಿ ಅದನ್ನು ಒಡೆಯನಿಗೆ ಒಪ್ಪಿಸಿದ ಮೇಲೂ ಹತ್ತು ವರ್ಷ ಅದರ ದೊಡ್ಡ ದೋಷಗಳಿಗೆ ಉತ್ತರ ಕೊಡಬೇಕು. ಎರಡು ಶತಮಾನ ದಾಟಿದ ಈ ನಿಯಮ ಹುಟ್ಟಿದ್ದು ಕಲ್ಲು, ಗಾರೆ, ಮರದ ತೊಲೆಗಳ ಕಾಲದಲ್ಲಿ. 21ನೇ ಶತಮಾನದಲ್ಲಿ ಅದು ಹೀಟ್ ಪಂಪಿನ ಮುಂದೆ ಬಂದು ನಿಂತಿತು. ಹಳೆಯ ಮನೆಗೆ ಹೊಸದಾಗಿ ಹಾಕಿಸಿದ ಹೀಟ್ ಪಂಪ್ ಕೆಟ್ಟು, ಚಳಿಗಾಲದಲ್ಲಿ ಮನೆ ಬೆಚ್ಚಗಾಗದೆ ಹೋದರೆ ಮನೆಯೊಡೆಯನಿಗೂ ಗುತ್ತಿಗೆದಾರನಿಗೂ ಜಗಳ ಹತ್ತುತ್ತದೆ. ಆ ಜಗಳ ನ್ಯಾಯಾಲಯಕ್ಕೆ ಹೋದಾಗ ಯಂತ್ರದ ವಿಚಾರ ಹಿಂದೆ ಸರಿದು ಒಂದು ಹಳೆಯ ಪ್ರಶ್ನೆ ಮುಂದೆ ಬರುತ್ತದೆ: ಮನೆ ಎಂದರೆ ಎಲ್ಲಿಯವರೆಗೆ? ಹಿತ್ತಿಲ ಗೋಡೆಯ ಪಕ್ಕ ನಿಲ್ಲಿಸಿದ ಯಂತ್ರ ಮನೆಯ ಅಂಗವೋ, ಮನೆಯಲ್ಲಿರುವ ಒಂದು ಸಾಮಾನೋ?

ಕಟ್ಟಿದವನನ್ನು ಹೊಣೆ ಮಾಡುವ ಪದ್ಧತಿ ಬಹಳ ಹಳೆಯದು. ಸುಮಾರು 3,750 ವರ್ಷಗಳ ಹಿಂದಿನ ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ ಮನೆ ಕುಸಿದು ಒಡೆಯ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಆದರೆ ಇಂದಿನ ತಕರಾರುಗಳಿಗೆ ಹತ್ತಿರವಾದದ್ದು ಅದೇ ಶಾಸನದ ಮುಂದಿನ ಒಂದು ವಿಧಿ. ಕೆಲಸ ಸರಿಯಾಗಿ ಮಾಡದೆ ಗೋಡೆ ವಾಲಿದರೆ, ಕಟ್ಟಿದವನು ತನ್ನ ಸ್ವಂತ ಬೆಳ್ಳಿ ಖರ್ಚು ಮಾಡಿ ಅದನ್ನು ಗಟ್ಟಿ ಮಾಡಿಕೊಡಬೇಕು ಎನ್ನುತ್ತದೆ ಅದು. ಸೇಡಿನ ಮಾತಿಲ್ಲದೆ ರಿಪೇರಿಯ ಖರ್ಚು ಯಾರದೆಂದು ಮಾತ್ರ ಹೇಳುವ ಆ ಸಾಲಿನಲ್ಲಿ ಇಂದಿನ ಕಟ್ಟಡ ಕಾನೂನಿನ ಬೀಜವಿದೆ.

ನೆಪೋಲಿಯನ್ ಆಳ್ವಿಕೆಯಲ್ಲಿ 1804ರಲ್ಲಿ ಜಾರಿಗೆ ಬಂದ ಫ್ರೆಂಚ್ ನಾಗರಿಕ ಸಂಹಿತೆಯ 1792ನೇ ವಿಧಿ ಈ ಹೊಣೆಗೆ ಗಡುವು ಹಾಕಿತು. ಒಟ್ಟು ದರಕ್ಕೆ ಒಪ್ಪಿಕೊಂಡು ಕಟ್ಟಿದ ಕಟ್ಟಡ, ಕಟ್ಟಿದ ರೀತಿಯ ದೋಷದಿಂದ ಪೂರ್ತಿಯಾಗಲಿ ಭಾಗಶಃ ಆಗಲಿ ಹಾಳಾದರೆ ವಾಸ್ತುಶಿಲ್ಪಿಯೂ ಗುತ್ತಿಗೆದಾರನೂ ಹತ್ತು ವರ್ಷ ಹೊಣೆ. ನೆಲದ ದೋಷದಿಂದ ಹಾಳಾದರೂ ಅಷ್ಟೆ. ಮಣ್ಣು ಪರೀಕ್ಷಿಸದೆ ಪಾಯ ತೋಡಿದ್ದು ಅವರ ತಪ್ಪೇ. ಹತ್ತು ವರ್ಷದ ಅವಧಿಗೂ ಕಟ್ಟಡದ ಸ್ವಭಾವಕ್ಕೂ ಹೊಂದಿಕೆಯಿತ್ತು. ಪಾಯ ಕೂರುವುದು, ಗೋಡೆ ಬಿರಿಯುವುದು, ಮಾಡಿನ ಮರ ಬಾಗುವುದು ಗೃಹಪ್ರವೇಶದ ದಿನ ಕಾಣುವುದಿಲ್ಲ. ನಾಲ್ಕಾರು ಮಳೆಗಾಲ, ಚಳಿಗಾಲ ಕಳೆದ ಮೇಲೆ ಕಾಣುತ್ತವೆ.

ಆಗಿನ ಮನೆಯಲ್ಲಿ ಬಿಸಿಗೆಂದು ಇದ್ದದ್ದು ಅಗ್ಗಿಷ್ಟಿಕೆ ಮತ್ತು ಅದರ ಹೊಗೆಗೂಡು. ಎರಡೂ ಗೋಡೆಯ ಭಾಗಗಳೇ ಆದ್ದರಿಂದ ಯಾವುದು ಮನೆ, ಯಾವುದು ಸಾಮಾನು ಎಂಬ ಗೊಂದಲವಿರಲಿಲ್ಲ. ಕೊಳಾಯಿ, ಬಾಯ್ಲರ್, ರೇಡಿಯೇಟರ್, ವಿದ್ಯುತ್ ತಂತಿ ಒಂದೊಂದಾಗಿ ಒಳಗೆ ಬಂದಂತೆ ಗಡಿ ಮಸುಕಾಯಿತು. 1967ರ ಜನವರಿಯ ಕಾನೂನು ಕೆಲಸಗಳನ್ನು ದೊಡ್ಡವು, ಚಿಕ್ಕವು ಎಂದು ವಿಂಗಡಿಸಿ, ದೊಡ್ಡವಕ್ಕೆ ಹತ್ತು ವರ್ಷ, ಚಿಕ್ಕವಕ್ಕೆ ಎರಡು ವರ್ಷ ಎಂದು ನಿಗದಿ ಮಾಡಿತು.

ಇತ್ತ ಹೀಟ್ ಪಂಪಿನ ಕಥೆ ಬೇರೆ ದಾರಿಯಲ್ಲಿ ಸಾಗಿ ಬರುತ್ತಿತ್ತು. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಒಳಗಿನ ಪದಾರ್ಥಗಳಿಂದ ಹೊರತೆಗೆದ ಶಾಖ ಅದು. ಫ್ರಿಜ್ಜಿನ ಒಳಗನ್ನು ಇಡೀ ಹೊರಜಗತ್ತೆಂದೂ ಹಿಂಬದಿಯನ್ನು ಮನೆಯೆಂದೂ ಭಾವಿಸಿದರೆ ಹೀಟ್ ಪಂಪ್ ಅರ್ಥವಾಗುತ್ತದೆ. ಚಳಿಗಾಲದ ಗಾಳಿಯಲ್ಲಿ, ನದಿಯ ನೀರಿನಲ್ಲಿ, ಮಣ್ಣಿನಲ್ಲಿ ಇರುವ ಶಾಖವನ್ನು ಅದು ಹೀರಿ, ಕಂಪ್ರೆಸರಿನಿಂದ ಒತ್ತಿ, ಇನ್ನೂ ಬಿಸಿಯಾಗಿಸಿ ಮನೆಯೊಳಗೆ ಬಿಡುತ್ತದೆ. ಶಾಖವನ್ನು ಹುಟ್ಟಿಸುವ ಬದಲು ಸಾಗಿಸುವುದರಿಂದ, ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲಿನಷ್ಟು ಶಾಖ ಕೊಡಬಲ್ಲದು. ಕಟ್ಟಡಗಳನ್ನು ಹೀಗೆ ಬೆಚ್ಚಗಿಡಬಹುದೆಂದು 1852ರಲ್ಲಿ ಲೆಕ್ಕಹಾಕಿ ತೋರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ಅದೇ ದಶಕದಲ್ಲಿ ಆಸ್ಟ್ರಿಯಾದ ಎಬೆನ್ಸೇ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ಫಾನ್ ರಿಟ್ಟಿಂಗರ್ ಇದೇ ತತ್ವದಿಂದ ಉಪ್ಪುನೀರು ಆವಿಯಾಗಿಸುವ ಯಂತ್ರ ಕಟ್ಟಿದರು. ತತ್ವ ಗೆದ್ದಿತು. ಆದರೆ ಒಳಗೆ ಉಪ್ಪು ಹೆಪ್ಪುಗಟ್ಟಿ ಯಂತ್ರ ಎಡೆಬಿಡದೆ ನಡೆಯಲಾರದೆ ಹೋಯಿತು. ಸರಿಯಾದ ಯಂತ್ರ ತಾನು ಕೂತ ಜಾಗದಲ್ಲಿ ಸೋಲುವುದು ಈ ಚರಿತ್ರೆಯ ಉದ್ದಕ್ಕೂ ಮತ್ತೆ ಮತ್ತೆ ಕಾಣುತ್ತದೆ.

1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪುರಭವನಕ್ಕೆ ಲಿಮ್ಮಾಟ್ ನದಿಯ ನೀರಿನಿಂದ ಶಾಖ ತೆಗೆಯುವ ಹೀಟ್ ಪಂಪ್ ಬಂತು. ಕಲ್ಲಿದ್ದಲು ಹೊರಗಿನಿಂದ ಬರಬೇಕಾಗಿದ್ದ, ಜಲವಿದ್ಯುತ್ತು ತನ್ನದೇ ಇದ್ದ ದೇಶಕ್ಕೆ ಅದು ಸಹಜವಾದ ಆಯ್ಕೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ನಗರದ ವಿದ್ಯುತ್ ಇಂಜಿನಿಯರ್ ಜಾನ್ ಸಮ್ನರ್ 1945ರಲ್ಲಿ, ಯುದ್ಧದ ಅಭಾವದ ನಡುವೆ ಹಳೆಯ ಬಿಡಿಭಾಗಗಳನ್ನು ಜೋಡಿಸಿ, ವೆನ್ಸಮ್ ನದಿಯಿಂದ ಶಾಖ ತೆಗೆದು ತಮ್ಮ ಕಚೇರಿ ಕಟ್ಟಡವನ್ನು ಬೆಚ್ಚಗಿಟ್ಟರು. ಯಂತ್ರ ಒಂದಕ್ಕೆ ಮೂರಕ್ಕಿಂತ ಹೆಚ್ಚು ಕೊಟ್ಟಿತು. ಆರು ವರ್ಷಗಳ ನಂತರ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ಗೆ ಥೇಮ್ಸ್ ನೀರು ಬಳಸುವ ಭಾರಿ ಹೀಟ್ ಪಂಪ್ ಹಾಕಿದರು. ವಿಮಾನದ ಇಂಜಿನ್ನಿನ ಭಾಗಗಳನ್ನು ಅದರ ಕಂಪ್ರೆಸರಿಗೆ ಒಗ್ಗಿಸಿದ್ದರು. ಅದೂ ಚೆನ್ನಾಗಿ ಓಡಿತು. ಆದರೆ ಸಭಾಂಗಣಕ್ಕೆ ಬೇಕಾದುದಕ್ಕಿಂತ ಅದು ಎಷ್ಟೋ ದೊಡ್ಡದಾಗಿತ್ತು. ಕೊನೆಗೆ ಅದನ್ನು ಮಾರಿಬಿಟ್ಟರು.

ಅಳತೆಯ ಈ ತಪ್ಪು ಇಂದಿಗೂ ಮನೆಮನೆಯ ತಕರಾರುಗಳ ಬೇರಿನಲ್ಲಿದೆ. ಎಣ್ಣೆ ಬಾಯ್ಲರ್ ತಪ್ಪುಗಳನ್ನು ಸಹಿಸಿಕೊಳ್ಳುವ ಯಂತ್ರ. ಬೇಕಾದುದಕ್ಕಿಂತ ದೊಡ್ಡದನ್ನು ತಂದಿಟ್ಟರೂ ಎಣ್ಣೆ ಸ್ವಲ್ಪ ಹೆಚ್ಚು ಉರಿಯುತ್ತದೆ, ಮನೆ ಬೆಚ್ಚಗಾಗುತ್ತದೆ, ಯಾರೂ ದೂರುವುದಿಲ್ಲ. ಹೀಟ್ ಪಂಪ್ ಹಾಗಲ್ಲ. ಪ್ರತಿ ಕೋಣೆಯ ಗೋಡೆ, ಕಿಟಕಿ, ಚಾವಣಿಯ ಮೂಲಕ ಎಷ್ಟು ಶಾಖ ಸೋರುತ್ತದೆಂದು ಲೆಕ್ಕಹಾಕಿ ಅದರ ಗಾತ್ರ ಆರಿಸಬೇಕು. ಗಾತ್ರ ಹೆಚ್ಚಾದರೆ ಕಂಪ್ರೆಸರ್ ಹತ್ತಿ ಆರಿ, ಹತ್ತಿ ಆರಿ ಬೇಗ ಸವೆಯುತ್ತದೆ. ಕಡಿಮೆಯಾದರೆ ಕಡುಚಳಿಯ ದಿನಗಳಲ್ಲಿ ಅದರೊಳಗಿನ ಸಾಮಾನ್ಯ ವಿದ್ಯುತ್ ಹೀಟರ್ ಸದ್ದಿಲ್ಲದೆ ಕೆಲಸ ವಹಿಸಿಕೊಳ್ಳುತ್ತದೆ. ಮನೆಯೊಡೆಯನಿಗೆ ಅದು ತಿಳಿಯುವುದು ಬಿಲ್ಲು ಬಂದಾಗ. ಹಳೆಯ ಮನೆಯ ರೇಡಿಯೇಟರ್‌ಗಳನ್ನು ಬಾಯ್ಲರಿನ 70–80 ಡಿಗ್ರಿ ನೀರಿಗೆ ಹೊಂದುವಂತೆ ಹಾಕಿರುತ್ತಾರೆ. ಹೀಟ್ ಪಂಪಿಗೆ ಹಿತವಾದದ್ದು 35–45 ಡಿಗ್ರಿ. ನೀರು ಅದಕ್ಕಿಂತ ಬಿಸಿಯಾಗಬೇಕಾದಷ್ಟೂ ಅದರ ಗಳಿಕೆ ಇಳಿಯುತ್ತದೆ. ರೇಡಿಯೇಟರ್ ಬದಲಿಸದೆ, ಚಾವಣಿಗೆ ಶಾಖ ತಡೆಯುವ ಹೊದಿಕೆ ಹಾಕದೆ ಬಾಯ್ಲರ್ ಕಿತ್ತ ಜಾಗಕ್ಕೇ ಹೀಟ್ ಪಂಪ್ ತಂದಿಟ್ಟರೆ ಒಳ್ಳೆಯ ಯಂತ್ರವೂ ಸೋಲುತ್ತದೆ. ಇಷ್ಟಾದ ಮೇಲೆ ತಯಾರಕ ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾನೆ, ಗುತ್ತಿಗೆದಾರ ಮನೆಯ ಹಳೆಯ ಗೋಡೆಗಳ ಕಡೆ ತೋರಿಸುತ್ತಾನೆ. ಚಳಿಯಲ್ಲಿ ಕೂತವರು ಮಾತ್ರ ಚಳಿಯಲ್ಲೇ ಇರುತ್ತಾರೆ.

1973 ಮತ್ತು 1979ರ ತೈಲ ಬಿಕ್ಕಟ್ಟುಗಳು ಹೀಟ್ ಪಂಪನ್ನು ಸಾಮಾನ್ಯ ಮನೆಗಳಿಗೆ ತಂದವು. ಫ್ರಾನ್ಸಿನಲ್ಲಿ ಅಣುವಿದ್ಯುತ್ ಸ್ಥಾವರಗಳು ಭರದಿಂದ ಏಳುತ್ತಿದ್ದ ಕಾಲ ಅದು. ಮನೆಯ ಎಣ್ಣೆ ಬಾಯ್ಲರಿನ ಜೊತೆಗೇ ಹೀಟ್ ಪಂಪ್ ಜೋಡಿಸುವ ಯೋಜನೆಯೊಂದು 1980ರ ದಶಕದ ಆರಂಭದಲ್ಲಿ ಅಲ್ಲಿ ನಡೆಯಿತು. ಪಶ್ಚಿಮ ಜರ್ಮನಿಯಲ್ಲೂ ಇಂಥದೇ ಉತ್ಸಾಹ. ಎರಡೂ ಕಡೆ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ ಕುಸಿಯಿತು. ತೈಲದ ಬೆಲೆ ಇಳಿದದ್ದು ಒಂದು ಕಾರಣವಾದರೆ, ಅನುಭವವಿಲ್ಲದ ಕೈಗಳು ಅವಸರದಲ್ಲಿ ಮಾಡಿದ ಕೆಲಸ ಇನ್ನೊಂದು. ಬೆಲೆ ಮತ್ತೆ ಏರಬಹುದು. ಕೆಟ್ಟ ಹೆಸರು ಒಂದು ತಲೆಮಾರು ಉಳಿಯಿತು. ಇದರಿಂದ ಪಾಠ ಕಲಿತ ಸ್ವಿಟ್ಜರ್ಲೆಂಡ್ 1993ರಲ್ಲಿ ವಿಂಟರ್‌ಥೂರ್ ನಗರದ ಟೋಸ್‌ನಲ್ಲಿ ಹೀಟ್ ಪಂಪುಗಳಿಗೆಂದೇ ಪರೀಕ್ಷಾ ಕೇಂದ್ರ ತೆರೆಯಿತು. ಆದರೆ ಪ್ರಯೋಗಾಲಯದಲ್ಲಿ ಪಾಸಾದ ಯಂತ್ರ ಮನೆಯಲ್ಲೂ ಪಾಸಾಗಬೇಕೆಂದಿಲ್ಲ. ಬ್ರಿಟನ್ನಿನಲ್ಲಿ 83 ಮನೆಗಳ ಹೀಟ್ ಪಂಪುಗಳನ್ನು ಅಳೆದು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಫಲಿತಾಂಶಗಳು ಮನೆಯಿಂದ ಮನೆಗೆ ಬಹಳ ಬೇರೆಯಾಗಿದ್ದವು. ವಿನ್ಯಾಸ ಮತ್ತು ಜೋಡಣೆಯ ಲೋಪಗಳು ಅದಕ್ಕೆ ಮುಖ್ಯ ಕಾರಣಗಳಾಗಿದ್ದವು, ಮತ್ತು ಜೋಡಿಸುವವರ ನಿಯಮಗಳನ್ನು ಆ ಬಳಿಕ ಬಿಗಿಗೊಳಿಸಲಾಯಿತು.

ಫ್ರಾನ್ಸಿನ ಕಟ್ಟಡ ಕಾನೂನನ್ನು ಇಂದಿನ ರೂಪಕ್ಕೆ ತಂದದ್ದು 1978ರ ಜನವರಿ 4ರ ಕಾನೂನು. ಅದನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷ ಆದ್ರಿಯಾಂ ಸ್ಪಿನೆಟ್ಟಾ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಕೆಲಸವನ್ನು ಒಡೆಯ ಒಪ್ಪಿಕೊಂಡ ದಿನದಿಂದ ಮೂರು ಗಡಿಯಾರಗಳು ಒಟ್ಟಿಗೆ ಓಡತೊಡಗುತ್ತವೆ. ಮೊದಲ ವರ್ಷ ಒಡೆಯ ತೋರಿಸಿದ ಯಾವ ಕೊರತೆಯನ್ನಾದರೂ ಸರಿಪಡಿಸಿ ಕೊಡಬೇಕು. ಕಟ್ಟಡದಿಂದ ಬಿಡಿಸಬಹುದಾದ ಸಲಕರಣೆಗಳು ಎರಡು ವರ್ಷ ಸರಿಯಾಗಿ ನಡೆಯಬೇಕು. ಕಟ್ಟಡದ ಗಟ್ಟಿತನಕ್ಕೆ ಕುತ್ತು ತರುವ ಅಥವಾ ಅದನ್ನು ವಾಸಕ್ಕೆ ಬಾರದಂತೆ ಮಾಡುವ ದೋಷಗಳಿಗೆ ಹತ್ತು ವರ್ಷ. ವಾಸಕ್ಕೆ ಬಾರದಂತೆ ಎಂಬ ಮಾತು ಬಹಳ ದೊಡ್ಡ ಬದಲಾವಣೆ ತಂದಿತು. ಗೋಡೆ ಬೀಳಬೇಕಾಗಿಲ್ಲ, ಚಳಿಗಾಲದಲ್ಲಿ ಬಿಸಿಯೇ ಇಲ್ಲದ ಮನೆಯೂ ವಾಸಕ್ಕೆ ಬಾರದ ಮನೆಯೇ. ಹತ್ತು ವರ್ಷದ ಹೊಣೆಯಲ್ಲಿ ಗುತ್ತಿಗೆದಾರನ ತಪ್ಪನ್ನು ಒಡೆಯ ಸಾಬೀತು ಮಾಡಬೇಕಾಗಿಯೂ ಇಲ್ಲ. ದೋಷ ಹೊರಗಿನ ಕಾರಣದಿಂದ ಬಂತೆಂದು ಗುತ್ತಿಗೆದಾರನೇ ತೋರಿಸಬೇಕು.

ಈ ಕಾನೂನಿನ ಅತ್ಯಂತ ಕರುಣೆಯ ಭಾಗ ವಿಮೆ. ಕಟ್ಟುವವನು ಹತ್ತು ವರ್ಷದ ಹೊಣೆಗೆ ಕಡ್ಡಾಯವಾಗಿ ವಿಮೆ ಇಳಿಸಬೇಕು. ಕಟ್ಟಿಸುವವನೂ ಕೆಲಸ ಶುರುವಾಗುವ ಮೊದಲೇ ಇನ್ನೊಂದು ವಿಮೆ ಮಾಡಿಸಬೇಕು. ದೋಷ ಕಂಡಾಗ ಆ ಎರಡನೆಯ ವಿಮೆ ಮೊದಲು ರಿಪೇರಿಗೆ ಹಣ ಕೊಡುತ್ತದೆ, ಯಾರ ತಪ್ಪೆಂಬ ವ್ಯಾಜ್ಯವನ್ನು ವಿಮಾ ಕಂಪನಿಗಳು ಆಮೇಲೆ ತಮ್ಮೊಳಗೆ ನಡೆಸಿಕೊಳ್ಳುತ್ತವೆ. ಸಣ್ಣ ಗುತ್ತಿಗೆ ಸಂಸ್ಥೆಗಳು ಹತ್ತು ವರ್ಷ ಬಾಳುವುದೇ ಖಚಿತವಿಲ್ಲ. ಬಾಗಿಲು ಹಾಕಿದ ಸಂಸ್ಥೆಯ ಮೇಲೆ ಗೆದ್ದ ತೀರ್ಪಿನಿಂದ ಮನೆ ಬೆಚ್ಚಗಾಗುವುದಿಲ್ಲ. ವಿಮೆ ಇದ್ದರೆ ಮಾತ್ರ ಸಂಸ್ಥೆ ಮುಚ್ಚಿದ ಮೇಲೂ ಕೇಳಲು ಒಂದು ಬಾಗಿಲು ಉಳಿಯುತ್ತದೆ.

2005ರಿಂದ ತೆರಿಗೆ ರಿಯಾಯಿತಿ ಸಿಕ್ಕಾಗ ಹೀಟ್ ಪಂಪ್ ಫ್ರಾನ್ಸಿಗೆ ಎರಡನೆಯ ಸಲ ಬಂತು. ಈ ಬಾರಿ ಬಹುಪಾಲು ಹಳೆಯ ಮನೆಗಳಿಗೆ ಬಂತು, ತಕರಾರುಗಳೂ ಬೆನ್ನಿಗೇ ಬಂದವು. ಅವುಗಳ ನಡಿಗೆ ಹೆಚ್ಚುಕಡಿಮೆ ಒಂದೇ ರೀತಿಯದು. ಮೊದಲು ಫೋನಿನಲ್ಲಿ ದೂರು. ತಂತ್ರಜ್ಞ ಬಂದು ಸೆಟ್ಟಿಂಗ್ ತಿರುಗಿಸಿ ಹೋಗುತ್ತಾನೆ. ಮುಂದಿನ ಚಳಿಗಾಲ ಅದೇ ಪಾಡು. ಆಮೇಲೆ ಸ್ವೀಕೃತಿ ಸಹಿಯುಳ್ಳ ರಿಜಿಸ್ಟರ್ಡ್ ಪತ್ರ. ಅದಕ್ಕೂ ಬಗ್ಗದಿದ್ದರೆ ವ್ಯಾಜ್ಯ ಹೂಡುವ ಮೊದಲೇ ತಜ್ಞನೊಬ್ಬನನ್ನು ನೇಮಿಸುವಂತೆ ನ್ಯಾಯಾಧೀಶರಲ್ಲಿ ಕೋರಿಕೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 145ನೇ ವಿಧಿ ಇದಕ್ಕೆ ಅವಕಾಶ ಕೊಡುತ್ತದೆ. ತಜ್ಞ ಎರಡೂ ಪಕ್ಷಗಳ ಎದುರಿನಲ್ಲಿ ಯಂತ್ರ ತೆರೆಸುತ್ತಾನೆ, ನೀರಿನ ಉಷ್ಣತೆ ಅಳೆಯುತ್ತಾನೆ, ಶಾಖ ಸೋರಿಕೆಯ ಲೆಕ್ಕ ಕೇಳುತ್ತಾನೆ. ಆ ಲೆಕ್ಕದ ಕಾಗದವೇ ಇಲ್ಲದಿದ್ದರೆ ಗುತ್ತಿಗೆದಾರನ ವಾದ ಅಲ್ಲಿಗೇ ಸೊರಗುತ್ತದೆ.

ಆದರೂ ಒಂದು ತೊಡಕು ಉಳಿಯುತ್ತಿತ್ತು. ಹತ್ತು ವರ್ಷದ ಹೊಣೆ ಇರುವುದು ಕಟ್ಟಿದ್ದಕ್ಕೆ. ಎಂದೋ ಕಟ್ಟಿ ಮುಗಿದ ಮನೆಗೆ ಯಂತ್ರವೊಂದನ್ನು ಸೇರಿಸುವುದು ಕಟ್ಟುವುದಾಗುತ್ತದೆಯೇ? 2017ರ ಜೂನ್ 15ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವಾದ ಕೂರ್ ದ ಕಸ್ಸಾಸಿಯೋಂ ಹೀಟ್ ಪಂಪಿನ ಮೊಕದ್ದಮೆಯಲ್ಲೇ ಇದಕ್ಕೆ ಉತ್ತರ ಕೊಟ್ಟಿತು. ಮನೆಯೊಡೆಯನೊಬ್ಬ ಹಾಕಿಸಿದ ಹೀಟ್ ಪಂಪ್ ಕೈಕೊಟ್ಟಿತ್ತು, ಕೆಳಗಿನ ನ್ಯಾಯಾಲಯ ಹತ್ತು ವರ್ಷದ ಹೊಣೆಯನ್ನು ಒಪ್ಪಿರಲಿಲ್ಲ. ಆ ತೀರ್ಪನ್ನು ರದ್ದುಪಡಿಸಿ ಉನ್ನತ ನ್ಯಾಯಾಲಯ ಹೇಳಿದ ಸಾರ ಇಷ್ಟು: ಸಲಕರಣೆ ಬಿಡಿಸಲು ಬರಲಿ ಬಾರದಿರಲಿ, ಮೊದಲಿನಿಂದ ಇರಲಿ ಆಮೇಲೆ ಸೇರಲಿ, ಅದರ ದೋಷದಿಂದ ಇಡೀ ಮನೆ ವಾಸಕ್ಕೆ ಬಾರದಂತಾದರೆ ಹತ್ತು ವರ್ಷದ ಹೊಣೆ ಇದೆ. ಚಳಿಯಲ್ಲಿ ನಡುಗುವವನಿಗೆ ಯಂತ್ರ ಎಂದು ಬಂತೆಂಬುದು ಮುಖ್ಯವಲ್ಲ. ಆ ಅನುಭವಕ್ಕೆ ಹತ್ತಿರವಾಗಿದ್ದದ್ದೇ ಈ ತೀರ್ಪಿನ ಬಲ.

ಅದು ಏಳು ವರ್ಷವೂ ನಿಲ್ಲಲಿಲ್ಲ. 2024ರ ಮಾರ್ಚ್ 21ರಂದು ಅದೇ ನ್ಯಾಯಾಲಯ ತನ್ನ ಮಾತನ್ನು ಹಿಂತೆಗೆದುಕೊಂಡಿತು. ಈ ಸಲ ಮುಂದಿದ್ದದ್ದು ಅಗ್ಗಿಷ್ಟಿಕೆಯೊಳಗೆ ಕೂರಿಸುವ ಒಲೆ. ಅದನ್ನು ಹಾಕಿಸಿದ ಮನೆ ಬೆಂಕಿಗೆ ಆಹುತಿಯಾಗಿತ್ತು. ಇರುವ ಕಟ್ಟಡಕ್ಕೆ ಬದಲಿಯಾಗಿ ಅಥವಾ ಹೆಚ್ಚುವರಿಯಾಗಿ ಸೇರಿಸಿದ ಸಲಕರಣೆ ತಾನೇ ಒಂದು ನಿರ್ಮಾಣ ಎನ್ನುವಷ್ಟು ದೊಡ್ಡದಲ್ಲದಿದ್ದರೆ, ಹಾನಿ ಎಷ್ಟೇ ಘೋರವಾಗಿರಲಿ, ಅದಕ್ಕೆ ಹತ್ತು ವರ್ಷದ ಹೊಣೆಯೂ ಇಲ್ಲ, ಎರಡು ವರ್ಷದ ಹೊಣೆಯೂ ಇಲ್ಲ. ಉಳಿಯುವುದು ಸಾಮಾನ್ಯ ಕರಾರಿನ ಹೊಣೆ, ಅದಕ್ಕೆ ಕಡ್ಡಾಯ ವಿಮೆಯಿಲ್ಲ. 2017ರ ನಿಲುವು ಬಂದ ಮೇಲೂ ಇಂಥ ಕೆಲಸ ಮಾಡುವವರು ಹತ್ತು ವರ್ಷದ ವಿಮೆ ಹೆಚ್ಚಾಗಿ ಇಳಿಸಲಿಲ್ಲ, ಆದ್ದರಿಂದ ಉದ್ದೇಶಿಸಿದ ರಕ್ಷಣೆ ಮನೆಯೊಡೆಯರಿಗೆ ಸಿಗಲಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು. ಕಾರಣ ನಿಜವಿರಬಹುದು, ಆದರೆ ವಿಮೆ ಇಳಿಸದವರ ತಪ್ಪಿನ ಬೆಲೆ ಬಿದ್ದದ್ದು ಯಂತ್ರ ಹಾಕಿಸಿಕೊಂಡವರ ಮೇಲೆ. ಹೊಸ ನಿಲುವು ಆಗ ವಿಚಾರಣೆಯಲ್ಲಿದ್ದ ಮೊಕದ್ದಮೆಗಳಿಗೂ ಅನ್ವಯಿಸಿತು. 2017ರ ತೀರ್ಪನ್ನು ನಂಬಿ ದಾವೆ ಹೂಡಿದ್ದವರ ಕಾಲಡಿಯ ನೆಲ ವ್ಯಾಜ್ಯದ ನಡುವೆಯೇ ಜಾರಿತು.

ಈಗ ಒಂದೇ ಬೀದಿಯಲ್ಲಿ ಒಬ್ಬನೇ ಗುತ್ತಿಗೆದಾರ ಒಂದೇ ಮಾದರಿಯ ಹೀಟ್ ಪಂಪನ್ನು ಎರಡು ಮನೆಗಳಿಗೆ ಹಾಕಿರಬಹುದು. ಹೊಸದಾಗಿ ಕಟ್ಟಿದ ಮನೆಯಲ್ಲಿ ಅದು ಕಟ್ಟಡದ ಜೊತೆಗೇ ಬಂದದ್ದು. ಅದರ ದೋಷದಿಂದ ಮನೆ ವಾಸಕ್ಕೆ ಬಾರದಂತಾದರೆ ಹತ್ತು ವರ್ಷದ ಹೊಣೆ, ಅದರ ಹಿಂದೆ ಕಡ್ಡಾಯ ವಿಮೆ. ಪಕ್ಕದ ಹಳೆಯ ಮನೆಯಲ್ಲಿ ಅದೇ ದೋಷ ಕಂಡರೆ ಒಡೆಯನ ಕೈಯಲ್ಲಿ ಉಳಿಯುವುದು ಕರಾರಿನ ಕಾಗದ, ಮತ್ತು ಆ ಗುತ್ತಿಗೆದಾರನ ಸಂಸ್ಥೆ ಇನ್ನೂ ಬಾಗಿಲು ತೆರೆದಿದ್ದರೆ ಅದರ ವಿಳಾಸ.