ಮಲೇರಿಯಾ ಮಾತ್ರೆ ಮತ್ತು ಕೊರೋನಾ ಕಾಲದ ಒಂದು ಪಾಠ



2020ರ ಮಾರ್ಚ್ ಕೊನೆಯ ದಿನಗಳು ನಿಮಗೆ ನೆನಪಿರಬಹುದು. ದೇವಾಲಯದ ಬಾಗಿಲು ಮುಚ್ಚಿತ್ತು. ಬಲಿಪೂಜೆಯನ್ನು ಮೊಬೈಲಿನಲ್ಲಿ ನೋಡುತ್ತಿದ್ದೆವು. ಆಗ ಎಲ್ಲರ ಬಾಯಲ್ಲೂ ಒಂದು ಉದ್ದನೆಯ ಹೆಸರು: ಹೈಡ್ರಾಕ್ಸಿಕ್ಲೋರೋಕ್ವಿನ್. ಮಲೇರಿಯಾದ ಮಾತ್ರೆ ಕೊರೋನಾಕ್ಕೂ ಆಗುತ್ತದಂತೆ ಎಂಬ ಸುದ್ದಿಯನ್ನು ನಮ್ಮಲ್ಲಿ ಅನೇಕರು ಹಿಂದುಮುಂದು ನೋಡದೆ ವಾಟ್ಸಾಪಿನಲ್ಲಿ ಹಂಚಿದೆವು. ಆ ಮಾತ್ರೆಯ ಇತಿಹಾಸವನ್ನು ಈಗ ಸಮಾಧಾನದಿಂದ ತಿಳಿಯೋಣ.

ಕಥೆ ಶುರುವಾಗುವುದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ. ಅಲ್ಲಿನ ಸಿಂಕೋನಾ ಮರದ ತೊಗಟೆ ಚಳಿಜ್ವರಕ್ಕೆ ಮದ್ದು. 17ನೇ ಶತಮಾನದಲ್ಲಿ ಅದನ್ನು ಯುರೋಪಿಗೆ ಪರಿಚಯಿಸಿದವರಲ್ಲಿ ಯೇಸುಸಭೆಯವರು ಮುಖ್ಯರು. ಅದಕ್ಕೇ ಜನ ಅದನ್ನು 'ಜೆಸ್ವಿಟರ ತೊಗಟೆ' ಎಂದರು. 1820ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಬ್ರಿಟಿಷರು ನಮ್ಮ ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸಿಂಕೋನಾ ತೋಟ ಮಾಡಿದರು. ಮುಂದೆ ಅಂಚೆ ಕಚೇರಿಗಳಲ್ಲೂ ಕ್ವಿನೈನ್ ಪೊಟ್ಟಣ ಸಿಗುವಂತಾಯಿತು.

1934ರಲ್ಲಿ ಜರ್ಮನಿಯ ಹಾನ್ಸ್ ಆಂಡರ್ಸಾಗ್ ಮರದ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ಕ್ಲೋರೋಕ್ವಿನ್ ತಯಾರಿಸಿದರು. ಅದರ ತಮ್ಮನಂತಿರುವ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ 1955ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ಸಂಧಿವಾತಕ್ಕೂ, ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗಕ್ಕೂ ಆಸರೆಯಾಯಿತು. ಒಂದು ರೋಗದ ಮದ್ದು ಇನ್ನೊಂದಕ್ಕೆ ನೆರವಾಗಿತ್ತು. ಆದ್ದರಿಂದ 2020ರ ಆಸೆ ಮೂರ್ಖತನವಲ್ಲ.

ಆದರೆ ಆಸೆ ಪರೀಕ್ಷೆಗಿಂತ ಮುಂದೆ ಓಡಿತು. ಪ್ರಯೋಗಾಲಯದಲ್ಲಿ ಮಂಗದ ಮೂತ್ರಪಿಂಡದ ಜೀವಕೋಶಗಳಲ್ಲಿ ಮದ್ದು ವೈರಸನ್ನು ತಡೆದಿತ್ತು. ಮಾರ್ಸೇಯ ಒಂದು ಅಧ್ಯಯನದಲ್ಲಿ ಇದ್ದದ್ದು 36 ರೋಗಿಗಳು ಮಾತ್ರ. ಅಷ್ಟಕ್ಕೇ ಲೋಕವೆಲ್ಲ ಮಾತ್ರೆಗೆ ಮುಗಿಬಿತ್ತು. ಅಮೆರಿಕ ಮಾರ್ಚ್ 28ರಂದು ತುರ್ತು ಅನುಮತಿ ಕೊಟ್ಟಿತು. ಇತ್ತ ಪ್ರತಿದಿನ ಅದೇ ಮಾತ್ರೆ ನುಂಗಬೇಕಾದ ಲೂಪಸ್ ರೋಗಿಗಳು ಔಷಧಿ ಅಂಗಡಿಗಳಿಗೆ ಅಲೆಯಬೇಕಾಯಿತು.

ಉತ್ತರ ಸಿಕ್ಕಿದ್ದು ಬ್ರಿಟನ್ನಿನ 'ರಿಕವರಿ' ಪರೀಕ್ಷೆಯಲ್ಲಿ. ಯಾರಿಗೆ ಮಾತ್ರೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಮಾತ್ರೆ ಪಡೆದ 1,561 ಜನರಲ್ಲಿ ಶೇ. 27, ಪಡೆಯದ 3,155 ಜನರಲ್ಲಿ ಶೇ. 25 ಮಂದಿ 28 ದಿನಗಳೊಳಗೆ ತೀರಿಕೊಂಡರು. ಪ್ರಯೋಜನವಿರಲಿಲ್ಲ. ಮಂಗದ ಆ ಕೋಶಕ್ಕೆ ವೈರಸ್ ನುಗ್ಗುವ ದಾರಿಯನ್ನು ಮದ್ದು ಮುಚ್ಚುತ್ತಿತ್ತು. ಮನುಷ್ಯನ ಶ್ವಾಸಕೋಶದ ಕೋಶಕ್ಕೆ ನುಗ್ಗಲು ಅದಕ್ಕೆ ಬೇರೆ ದಾರಿಯಿತ್ತು. ಜೂನ್ 15ರಂದು ಅಮೆರಿಕ ತನ್ನ ಅನುಮತಿಯನ್ನು ಹಿಂಪಡೆಯಿತು.

ಮರುದಿನವೇ ಅದೇ 'ರಿಕವರಿ' ತಂಡ ಒಳ್ಳೆಯ ಸುದ್ದಿ ಕೊಟ್ಟಿತು. ಡೆಕ್ಸಾಮೆಥಸೋನ್ ಎಂಬ ಇನ್ನೊಂದು ಹಳೆಯ, ಅಗ್ಗದ ಮದ್ದು ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿತ್ತು. ಸುಳ್ಳಾಸೆಯನ್ನು ಬಿಡಿಸಿದ ಪರೀಕ್ಷೆಯೇ ನಿಜವಾದ ಆಸೆಯನ್ನೂ ತೋರಿಸಿತು.

ತಮಗೆ ಯಾವ ಚೀಟಿ ಬರುವುದೋ ತಿಳಿಯದೆ ಒಪ್ಪಿಕೊಂಡ ಆ ಸಾವಿರಾರು ರೋಗಿಗಳನ್ನು ನಾವು ಕೃತಜ್ಞತೆಯಿಂದ ನೆನೆಯೋಣ. ಇನ್ನೊಮ್ಮೆ ಮದ್ದಿನ ಸುದ್ದಿ ಬಂದಾಗ, ಹಂಚುವ ಮೊದಲು ಎರಡು ಪ್ರಶ್ನೆ ಕೇಳೋಣ: ಎಷ್ಟು ಜನರಲ್ಲಿ ಪರೀಕ್ಷಿಸಿದ್ದಾರೆ? ಯಾರೊಡನೆ ಹೋಲಿಸಿದ್ದಾರೆ? ನೆರೆಯವರ ಮೇಲಿನ ಪ್ರೀತಿಯಲ್ಲಿ ಇಷ್ಟು ತಾಳ್ಮೆಯೂ ಇರಬೇಕು.