ನೂಲಿನಂತೆ ಸೀರೆಯೇ? ವಂಶವಾಹಿ ಮತ್ತು ಮನೆಯ ಪ್ರಭಾವ: ಒಂದು ಚಾರಿತ್ರಿಕ ನೋಟ

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆಯನ್ನು ಕೇಳದವರಿಲ್ಲ. ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿಯೂ ಹುಡುಗ ಚೆನ್ನಾಗಿ ಓದಿದರೆ 'ಖಾಂದಾನಿನ ಗುಣ' ಎನ್ನುತ್ತಾರೆ. ಓದದಿದ್ದರೆ 'ಖಾಂದಾನಿನಲ್ಲೇ ಓದಿದವರಿಲ್ಲ, ಇವನಿಗೆಲ್ಲಿಂದ ಬರಬೇಕು' ಎಂದು ಕೈಚೆಲ್ಲುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ?

ತಂದೆತಾಯಿಯರಿಂದ ಮಕ್ಕಳಿಗೆ ಬರುವ ಬಳುವಳಿ ಎರಡು ಬಗೆಯದು. ಮೊದಲನೆಯದು ಜೀನ್‌ಗಳು, ಅಂದರೆ ವಂಶವಾಹಿಗಳು. ಎರಡನೆಯದು ಅವರು ಒದಗಿಸುವ ಪರಿಸರ: ತಾಯಿಯ ಗರ್ಭ, ಮನೆಯ ಊಟ, ಮಾತುಕತೆ, ಪುಸ್ತಕ, ಹಣಕಾಸು. ಇವೆರಡನ್ನೂ ಬೇರ್ಪಡಿಸಿ ನೋಡುವ ಪ್ರಯತ್ನಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಅದರಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ ಎಂಬುದು ಹೆಮ್ಮೆಯ ಸಂಗತಿ.

1869ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರು ಹೆಸರಾಂತ ನ್ಯಾಯಾಧೀಶರು, ವಿಜ್ಞಾನಿಗಳು, ಕವಿಗಳು ಮೊದಲಾದವರ ಬಂಧುಗಳ ಪಟ್ಟಿ ಮಾಡಿ, ಪ್ರತಿಭೆ ಹುಟ್ಟಿನಿಂದಲೇ ಬರುತ್ತದೆ ಎಂದು ವಾದಿಸಿದರು. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಅಲ್ಫಾನ್ಸ್ ದ ಕಾಂಡೋಲ್ ಅವರು 1873ರಲ್ಲಿ ಇದಕ್ಕೆ ಉತ್ತರವಾಗಿ, ವಿಜ್ಞಾನಿಗಳು ಮೂಡಿಬರಲು ಶಿಕ್ಷಣ ಮತ್ತು ಸಮಾಜದ ವಾತಾವರಣವೂ ಕಾರಣ ಎಂದರು. ದೊಡ್ಡವರ ಮಕ್ಕಳಿಗೆ ರಕ್ತವೂ ಸಿಗುತ್ತದೆ, ಸವಲತ್ತೂ ಸಿಗುತ್ತದೆ. ಗಾಲ್ಟನ್ನರ ಪಟ್ಟಿಯಿಂದ ಇವೆರಡನ್ನು ಬಿಡಿಸುವುದು ಸಾಧ್ಯವಿರಲಿಲ್ಲ. ಆದರೂ ಅವರ ವಾದವೇ ಮುಂದೆ ಸುಜನನ ಚಳವಳಿಯಾಗಿ ಬೆಳೆಯಿತು. ಅದರ ಹೆಸರಿನಲ್ಲಿ ಅಮೆರಿಕ ಹಾಗೂ ಹಿಟ್ಲರನ ಜರ್ಮನಿಯಲ್ಲಿ ಸಾವಿರಾರು ಜನರಿಗೆ ಬಲವಂತವಾಗಿ ಸಂತಾನಶಕ್ತಿಹರಣ ಮಾಡಲಾಯಿತು. ಅರ್ಧ ತಿಳಿವಳಿಕೆಯ ಅಪಾಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ಮೈಸೂರಿನ ವಿಷಯಕ್ಕೆ ಬರೋಣ. ಅಲ್ಲಿನ ಮಂಡಿ ಮೊಹಲ್ಲಾದಲ್ಲಿ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ದಾಖಲೆಗಳ ಬೆಲೆ ಅರ್ಧ ಶತಮಾನದ ನಂತರ ತಿಳಿಯಿತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ಫಾಲ್ ಮತ್ತಿತರರು ಆಸ್ಪತ್ರೆಯವರೊಂದಿಗೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಜನಿಸಿದ್ದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಕೇವಲ ಶೇ. 3.

ಹಾಗಾದರೆ ಇದಕ್ಕೆ ಗರ್ಭದ ಸ್ಥಿತಿ ಕಾರಣವೋ, ವಂಶವಾಹಿ ಕಾರಣವೋ? ಇಂಥ ಪ್ರಶ್ನೆಯನ್ನು ಬಿಡಿಸಲು ಇಡೀ ಕುಟುಂಬದ ಮಾಹಿತಿ ಬೇಕು. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಒಳಗೊಂಡು 'ಪಾರ್ಥೆನಾನ್ ಅಧ್ಯಯನ' ಆರಂಭವಾಯಿತು. ಗರ್ಭಿಣಿಯರ ಸಕ್ಕರೆ ಅಂಶವನ್ನು ಅಳೆದು, ಹುಟ್ಟಿದ ಮಕ್ಕಳನ್ನು ವರ್ಷಾನುವರ್ಷ ಗಮನಿಸಲಾಯಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಎರಡು ಗುಂಪುಗಳನ್ನು ಹೋಲಿಸಿದರು: ಗರ್ಭಿಣಿಯಾಗಿದ್ದಾಗ ತಾಯಿಗೆ ಮಧುಮೇಹವಿದ್ದ ಮಕ್ಕಳು, ತಂದೆಗೆ ಮಧುಮೇಹವಿದ್ದ ಮಕ್ಕಳು. ತಾಯಿಯೂ ತಂದೆಯೂ ತಲಾ ಅರ್ಧದಷ್ಟು ವಂಶವಾಹಿ ಕೊಡುತ್ತಾರೆ. ಆದರೆ ಗರ್ಭ ತಾಯಿಯದು ಮಾತ್ರ. ಒಂಬತ್ತೂವರೆ ವರ್ಷದ ಹೊತ್ತಿಗೆ ಮೈಕೊಬ್ಬು, ಇನ್ಸುಲಿನ್ ಮೊದಲಾದವುಗಳ ಏರಿಕೆ ಎದ್ದು ಕಂಡದ್ದು ತಾಯಿಗೆ ಮಧುಮೇಹವಿದ್ದ ಮಕ್ಕಳಲ್ಲಿ. ಅಂದರೆ ವಂಶವಾಹಿಯ ಜೊತೆಗೆ ಗರ್ಭದ ಪಾಲೂ ಇದೆ ಎಂದಾಯಿತು.

ವಿದ್ಯೆಯ ವಿಷಯದಲ್ಲಿ ಏನು? 2018ರಲ್ಲಿ ಐಸ್‌ಲ್ಯಾಂಡಿನ ಅಗಸ್ಟಿನ್ ಕಾಂಗ್ ಮತ್ತು ಸಂಗಡಿಗರು ತಂದೆತಾಯಿ ಮತ್ತು ಮಕ್ಕಳ ವಂಶವಾಹಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಂದೆತಾಯಿಯರ ವಂಶವಾಹಿಗಳಲ್ಲಿ ಅರ್ಧ ಮಗುವಿಗೆ ದಾಟುತ್ತದೆ, ಅರ್ಧ ದಾಟುವುದಿಲ್ಲ. ಮಗುವಿನ ದೇಹದಲ್ಲಿ ಇಲ್ಲವೇ ಇಲ್ಲದ ಆ ಅರ್ಧವೂ ಮಗುವಿನ ವಿದ್ಯಾಭ್ಯಾಸದ ಮೇಲೆ ಪ್ರಭಾವ ತೋರಿತು! ದಾಟಿದ ಭಾಗದ ಪ್ರಭಾವ 100 ಎಂದಿಟ್ಟುಕೊಂಡರೆ, ದಾಟದ ಭಾಗದ್ದು ಸುಮಾರು 30. ಇದು ಬಹುಮಟ್ಟಿಗೆ ತಂದೆತಾಯಿಯರ ನಡೆನುಡಿ ಮತ್ತು ಮನೆಯ ವಾತಾವರಣದ ಮೂಲಕ ಬಂದದ್ದು. ಮಗುವಿನ ಸ್ವಂತ ವಂಶವಾಹಿಯಿಂದ ಆಗುವುದು ನೇರ ಪರಿಣಾಮ, ಹೀಗೆ ಮನೆಯ ಮೂಲಕ ಆಗುವುದು ಪರೋಕ್ಷ ಪರಿಣಾಮ.

ಒಡಹುಟ್ಟಿದವರ ಹೋಲಿಕೆಯೂ ಇದನ್ನೇ ಹೇಳುತ್ತದೆ. ಅಣ್ಣತಮ್ಮ, ಅಕ್ಕತಂಗಿಯರಿಗೆ ಮನೆ ಒಂದೇ, ಆದರೆ ವಂಶವಾಹಿಗಳು ಬೇರೆ ಬೇರೆಯಾಗಿ ಹಂಚಿಕೆಯಾಗಿರುತ್ತವೆ. 2022ರಲ್ಲಿ 1,78,086 ಒಡಹುಟ್ಟಿದವರನ್ನು ಹೋಲಿಸಿದಾಗ, ವಿದ್ಯೆಯ ಮೇಲೆ ವಂಶವಾಹಿಯ ಪರಿಣಾಮ ಹಿಂದಿನ ಅಂದಾಜಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಈ ಅಧ್ಯಯನಗಳು ಹೆಚ್ಚಾಗಿ ಯುರೋಪ್ ಮೂಲದ ಜನರದ್ದು. ಅಲ್ಲಿನ ಅಂಕಿಗಳನ್ನು ಹಾಗೆಯೇ ನಮಗೆ ಅನ್ವಯಿಸಲಾಗದು. ಆದರೆ ವಿಚಾರ ಎಲ್ಲರಿಗೂ ಸೇರಿದ್ದು.

ದೊಡ್ಡಬಳ್ಳಾಪುರದ ಮಗ್ಗಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೂಲು ಎಷ್ಟೇ ಒಳ್ಳೆಯದಿದ್ದರೂ ನೇಯುವ ಕೈ ಇಲ್ಲದೆ ಸೀರೆಯಾಗದು. ಆದ್ದರಿಂದ 'ಖಾಂದಾನಿನಲ್ಲೇ ಓದಿದವರಿಲ್ಲ' ಎಂಬ ಮಾತನ್ನು ತರಗತಿಯಲ್ಲಾಗಲಿ, ಮನೆಯಲ್ಲಾಗಲಿ ಮಕ್ಕಳ ಮುಂದೆ ಆಡಬಾರದು. ಓದಿದವರಿಲ್ಲದ ಮನೆಯಲ್ಲಿ ಕೊರತೆ ಇರುವುದು ರಕ್ತದಲ್ಲಿ ಎಂದು ಹೇಳಲು ಆಧಾರವಿಲ್ಲ. ಓದಲು ಒಂದು ಮೂಲೆ, ಒಂದು ದೀಪ, ಕೇಳಿದ ಪ್ರಶ್ನೆಗೆ ಉತ್ತರಿಸುವ ಒಬ್ಬರು ಅಲ್ಲಿ ಇಲ್ಲದಿರಬಹುದು. ಇವನ್ನು ಶಾಲೆ, ಸಂಘ, ನೆರೆಹೊರೆ ಒದಗಿಸಬಲ್ಲವು. ಗರ್ಭಿಣಿಯರ ಆಹಾರ ಮತ್ತು ಸಕ್ಕರೆ ಪರೀಕ್ಷೆಯ ಬಗ್ಗೆ ಮನೆಯವರು ವಹಿಸುವ ಕಾಳಜಿಯೂ ಮಕ್ಕಳಿಗೆ ಕೊಡುವ ಬಳುವಳಿಯೇ.

ಪ್ರಿಯ ವಿದ್ಯಾರ್ಥಿಗಳೇ, ಖಾಂದಾನಿನಲ್ಲಿ ಮೊದಲು ಓದುತ್ತಿರುವವರು ನೀವಾಗಿದ್ದರೆ ಕುಗ್ಗಬೇಡಿ. ನಾಳೆ ನಿಮ್ಮ ತಮ್ಮತಂಗಿಯರಿಗೆ, ಮಕ್ಕಳಿಗೆ ಆ ಮನೆಯ ವಾತಾವರಣ ನೀವೇ.